ಅನುಭವದಿಂದ ಡಿಗ್ರಿ ತೆಗೆಯುವ ವಿಧಾನ: ದೊಡ್ಡಗದ್ದವಳ್ಳಿ ಆವೃತ್ತಿ

ಬಳಸುವ ಮುನ್ನ ಓದತಕ್ಕದ್ದು

ಈ ಕೈಪಿಡಿ ಹಾಸನ ತಾಲ್ಲೂಕು ದೊಡ್ಡಗದ್ದವಳ್ಳಿ ಮತ್ತು ಅದರ ಆಸುಪಾಸಿನ ಊರುಗಳಿಗಾಗಿ ತಯಾರಾದದ್ದು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರೂ ಧಾರಾಳವಾಗಿ ಬಳಸಬಹುದು. ಆಲೂಗೆಡ್ಡೆ ಎಂದಿರುವ ಕಡೆ ಅರಕಲಗೂಡಿನವರು ಹೊಗೆಸೊಪ್ಪು ಎಂದೂ ಚನ್ನರಾಯಪಟ್ಟಣದವರು ತೆಂಗು ಎಂದೂ ತಿದ್ದಿಕೊಂಡರೆ ಸಾಕು. ಹಸು ಎಂದಿರುವುದನ್ನು ಯಾರೂ ತಿದ್ದಬೇಕಾಗಿಲ್ಲ.

ಯಾರಿಗೆ ಇದರ ಉಪಯೋಗ? ಇಂಗ್ಲಿಷ್ ಒಂದನ್ನು ಉಳಿಸಿಕೊಂಡು ಪಿಯುಸಿ ಬಿಟ್ಟವರಿಗೆ. ಬಿಎ ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡು ಹೊಲಕ್ಕಿಳಿದವರಿಗೆ. ಮದುವೆ ಗೊತ್ತಾಯಿತೆಂದು ಹಾಲ್‌ಟಿಕೆಟನ್ನು ಟ್ರಂಕಿನ ತಳಕ್ಕೆ ಸೇರಿಸಿದವರಿಗೆ. ಗಾರೆ ಕೆಲಸದಲ್ಲೇ ತಲೆ ನರೆತು, ಈಗ ಹೊಸ ಎಂಜಿನಿಯರ್ ಹುಡುಗನಿಗೆ "ಸಾರ್, ಈ ಬೀಮಿಗೆ ಈ ಕಂಬಿ ಸಾಲಲ್ಲ" ಎಂದು ಮೆತ್ತಗೆ ಹೇಳಿಕೊಡುತ್ತಿರುವ ಮೇಸ್ತ್ರಿಗೆ. ಇವರೆಲ್ಲರಿಗೂ ಸರ್ಕಾರ 2023ರಲ್ಲಿ ಒಂದು ಮಾತು ಕೊಟ್ಟಿದೆ. ಶಾಲೆಯಲ್ಲಿ ಕಲಿತರೂ ಸರಿ, ಕೆಲಸದಲ್ಲಿ ಕಲಿತರೂ ಸರಿ, ಮನೆತನದ ಕಸುಬಾಗಿ ಅಪ್ಪನ ಕೈಯಿಂದ ಕಲಿತರೂ ಸರಿ, ಕಲಿತದ್ದಕ್ಕೆಲ್ಲ ಕ್ರೆಡಿಟ್ ಉಂಟು. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಎಂದು ಅದಕ್ಕೆ ಹೆಸರು. ಹಳೆಯ ಕಲಿಕೆಯನ್ನು ಒಪ್ಪಿಕೊಳ್ಳುವ ಕ್ರಮಕ್ಕೆ ಆರ್‌ಪಿಎಲ್ ಎನ್ನುತ್ತಾರೆ. ಕಾಲೇಜುಗಳಲ್ಲಿ ಇದನ್ನು ಹೇಗೆ ನಡೆಸಬೇಕೆಂದು ಯುಜಿಸಿ 2024ರಲ್ಲಿ ಒಂದು ಕರಡು ಮಾರ್ಗಸೂಚಿಯನ್ನೂ ಹೊರಡಿಸಿತು. ಮಾತು ಒಳ್ಳೆಯದು. ಮಾತಿನಿಂದ ಅಂಕಪಟ್ಟಿಯವರೆಗಿನ ದಾರಿ ಹಿಡಿಸುವುದಷ್ಟೇ ಈ ಕೈಪಿಡಿಯ ಕೆಲಸ.

ಬೇಕಾಗುವ ಸಾಮಗ್ರಿ

ಆಧಾರ್ ಕಾರ್ಡು. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು. ಮಗ ಬೆಂಗಳೂರಿಗೆ ಹೋಗುವಾಗ ಆ ಸಿಮ್ಮನ್ನೂ ಒಯ್ದಿದ್ದರೆ, ಓಟಿಪಿ ಬರುವ ಹೊತ್ತಿಗೆ ಅವನು ಫೋನ್ ಎತ್ತುವಂತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಇದ್ದರೆ. ಟಿಸಿ, ಇಲಿ ಬಿಟ್ಟಿದ್ದರೆ.

ಈಗ ಈ ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಹೆಸರು ನೋಡಿ. ಶಾಲೆಯ ದಾಖಲೆಯಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮಿ ಕೆ., ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ, ಬ್ಯಾಂಕಿನಲ್ಲಿ ಗಂಡನ ಹೆಸರು ಬಾಲಕ್ಕೆ ಅಂಟಿದ ಇನ್ನೊಬ್ಬಳು ಲಕ್ಷ್ಮಿ. ಈ ನಾಲ್ವರೂ ಒಬ್ಬಳೇ ಎಂದು ಹಾಸನದ ಕೋರ್ಟಿನ ಹತ್ತಿರ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ. ಹುಟ್ಟಿದ ದಿನದ್ದೂ ಇದೇ ಕಥೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು ಜೂನ್ 1. ಆಧಾರಿನವರು ಬರೆದದ್ದು ಜನವರಿ 1. ಅವ್ವನ ಲೆಕ್ಕದಲ್ಲಿ ಗೊರೂರಿನ ಅಣೆಕಟ್ಟು ಮುಗಿದ ವರ್ಷ, ಆಲೂಗೆಡ್ಡೆ ಕೀಳುವ ಹೊತ್ತು. ಮೂರರಲ್ಲಿ ನಿಜವಾದದ್ದು ಮೂರನೆಯದು, ಅರ್ಜಿಯಲ್ಲಿ ಹಿಡಿಸದೇ ಇರುವುದೂ ಅದೊಂದೇ.

ಖಾತೆ ತೆರೆಯುವುದು

ಹಣಕ್ಕೆ ಬ್ಯಾಂಕಿರುವ ಹಾಗೆ ಕ್ರೆಡಿಟ್ಟಿಗೂ ಒಂದು ಬ್ಯಾಂಕಿದೆ. ಯುಜಿಸಿ 2021ರ ಜುಲೈನಲ್ಲಿ ಅಧಿಸೂಚಿಸಿದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಡಿಜಿಲಾಕರ್ ಮೂಲಕ 12 ಅಂಕಿಯ ಗುರುತು ಸಂಖ್ಯೆ ಸಿಗುತ್ತದೆ. ನೀವು ಒಂದು ಕಾಲೇಜಿನಲ್ಲಿ ಒಂದಿಷ್ಟು, ಸ್ವಯಂ ಎಂಬ ಆನ್‌ಲೈನ್ ಕೋರ್ಸಿನಲ್ಲಿ ಒಂದಿಷ್ಟು ಕಲಿತರೆ ಎಲ್ಲವೂ ಈ ಖಾತೆಗೆ ಜಮೆಯಾಗುತ್ತದೆ. ನಡುವೆ ಬಿಟ್ಟು ಹೋಗಿ ಮತ್ತೆ ಬಂದರೂ ಕಲಿತದ್ದು ಕರಗುವುದಿಲ್ಲ. ಒಂದು ಷರತ್ತು ಮಾತ್ರ: ಹೊರಗಿನಿಂದ ಎಷ್ಟೇ ಕ್ರೆಡಿಟ್ ಹೊತ್ತು ತಂದರೂ, ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಅರ್ಧದಷ್ಟಾದರೂ ಗಳಿಸಬೇಕು.

ಬಿಎ ಎರಡನೇ ವರ್ಷಕ್ಕೆ ಬಿಟ್ಟವರು ಇಲ್ಲಿ ಖುಷಿಯಾಗಿ ಎದ್ದು ನಿಲ್ಲುತ್ತಾರೆ. ಕುಳಿತುಕೊಳ್ಳಿ. ಈ ಬ್ಯಾಂಕಿಗೆ ಜಮೆಯಾಗುವುದು 2021-22ರ ಸಾಲಿನಿಂದ ಈಚೆಗೆ ಗಳಿಸಿದ್ದು. ನೀವು ಮೈಸೂರು ವಿಶ್ವವಿದ್ಯಾಲಯಕ್ಕೆ ಫೀಸು ಕಟ್ಟಿ ಪಾಸು ಮಾಡಿದ ಮೊದಲ ವರ್ಷದ ಪೇಪರುಗಳು ಚಲಾವಣೆಯಿಂದ ಹೋದ ನೋಟುಗಳು. ಆಗಿನ ಸಿಲಬಸ್ ಬೇರೆ, ಆಗ ಅಂಕವಿತ್ತು, ಕ್ರೆಡಿಟ್ ಇರಲಿಲ್ಲ. ಹಳೇ ಓದು ನಿಜವಾಗಿ ಉಪಯೋಗಕ್ಕೆ ಬರುವ ದಾರಿಗಳು ಬೇರೆ ಇವೆ, ಅವಕ್ಕೆ ಯಾರೂ ಕ್ರೆಡಿಟ್ ಎಂಬ ಹೆಸರಿಟ್ಟಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಹೋಗಿ ಕೂರುತ್ತಾನೆ. ಐಟಿಐ ಮಾಡಿದವನಿಗೆ ಡಿಪ್ಲೊಮಾದ ಎರಡನೇ ವರ್ಷದ ಬಾಗಿಲು ಇದೆ. ರಾಷ್ಟ್ರೀಯ ಮುಕ್ತ ಶಾಲೆಗೆ ಸೇರಿದರೆ ಹಿಂದಿನ ಬೋರ್ಡಿನಲ್ಲಿ ಪಾಸಾದ ಎರಡು ವಿಷಯಗಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಇವೆಲ್ಲ ಹಳೆಯ, ಸದ್ದಿಲ್ಲದ, ಕೆಲಸ ಮಾಡುವ ವ್ಯವಸ್ಥೆಗಳು. ಹಾಸನ ಜಿಲ್ಲೆಯಲ್ಲಿ ಇವುಗಳಿಂದ ಮೇಲೆ ಬಂದವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಇನ್ನು ಖಾತೆಯಲ್ಲಿ ಬಿದ್ದ ಕ್ರೆಡಿಟ್ ಎಷ್ಟು ದಿನ ಇರುತ್ತದೆ? ಹೆಚ್ಚೆಂದರೆ ಏಳು ವರ್ಷ. ಕೋಲ್ಡ್ ಸ್ಟೋರೇಜಿನ ಬಿತ್ತನೆ ಗೆಡ್ಡೆಯಂತೆ, ಗಡುವಿನೊಳಗೆ ತೆಗೆದು ನೆಡದಿದ್ದರೆ ಮೂಟೆ ಇರುತ್ತದೆ, ಗೆಡ್ಡೆ ಇರುವುದಿಲ್ಲ. ಇತ್ತ ಕ್ರೆಡಿಟ್ ಚೌಕಟ್ಟಿನಲ್ಲಿ ಇನ್ನೊಂದು ಕೋಷ್ಟಕವಿದೆ. ಕಲಿತ ಮೇಲೆ ಅದೇ ಕಸುಬಿನಲ್ಲಿ ಒಂದರಿಂದ ನಾಲ್ಕು ವರ್ಷ ದುಡಿದವರ ಅನುಭವಕ್ಕೆ 1.33 ತೂಕ, ನಾಲ್ಕರಿಂದ ಏಳು ವರ್ಷಕ್ಕೆ 1.67, ಏಳು ದಾಟಿದವರಿಗೆ 2. ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ಓದಿ. ಅನುಭವ ಪೂರ್ತಿ ಬಲಿಯುವುದು ಏಳು ವರ್ಷಕ್ಕೆ, ಕ್ರೆಡಿಟ್ ಕೊಳೆಯುವುದೂ ಏಳು ವರ್ಷಕ್ಕೆ. ಈ ಎರಡು ಏಳನ್ನು ಬರೆದವರು ಒಂದೇ ಕೋಣೆಯಲ್ಲಿ ಕೂತಿದ್ದರೇ ಎಂದು ಕೇಳಬೇಡಿ. ಕೈಪಿಡಿಗೆ ಅದು ಗೊತ್ತಿಲ್ಲ.

ಗಂಟೆಯನ್ನು ಕ್ರೆಡಿಟ್ ಮಾಡುವುದು

ಸೂತ್ರ ಸುಲಭ. 30 ಗಂಟೆ ಕಲಿಕೆಗೆ 1 ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, ಅಂದರೆ 40 ಕ್ರೆಡಿಟ್. ಮೂರು ವರ್ಷದ ಪದವಿಗೆ 120. ಕ್ಯಾಲ್ಕುಲೇಟರ್ ತೆಗೆಯಿರಿ.

ಮನೆಯಲ್ಲಿ ಎರಡು ಸೀಮೆಹಸು ಇವೆ ಎಂದಿಟ್ಟುಕೊಳ್ಳೋಣ. ಬೆಳಗ್ಗೆ ಕೊಟ್ಟಿಗೆ ಬಾಚಿ, ಸೆಗಣಿ ತಿಪ್ಪೆಗೆ ಹಾಕಿ, ಹಿಂಡಿ ಬೂಸಾ ಕಲಸಿ, ಕೆಚ್ಚಲು ತೊಳೆದು, ಹಾಲು ಕರೆದು, ಡೇರಿಗೆ ಹಾಕಿ ಬರುವುದು. ಸಂಜೆ ಮತ್ತೆ ಅದೇ. ನಡುವೆ ಹುಲ್ಲು ಕೊಯ್ಯುವುದನ್ನೂ ಮೈ ತೊಳೆಯುವುದನ್ನೂ ಬಿಟ್ಟೇ ಲೆಕ್ಕ ಹಾಕಿದರೂ ದಿನಕ್ಕೆ ಮೂರು ಗಂಟೆ. ಹಸುವಿಗೆ ಭಾನುವಾರವಿಲ್ಲ, ದಸರಾ ರಜೆಯಿಲ್ಲ. ಆದ್ದರಿಂದ ವರ್ಷಕ್ಕೆ 1,095 ಗಂಟೆ, 36.5 ಕ್ರೆಡಿಟ್. ಇಪ್ಪತ್ತು ವರ್ಷಕ್ಕೆ 730. ಆರು ಡಿಗ್ರಿ ತೆಗೆದ ಮೇಲೂ ಹತ್ತು ಕ್ರೆಡಿಟ್ ಚಿಲ್ಲರೆ ಉಳಿಯುತ್ತದೆ.

ಆಲೂಗೆಡ್ಡೆಯವರ ಲೆಕ್ಕ ಇಷ್ಟು ಸಲೀಸಲ್ಲ. ಜಲಂಧರ್ ಕಡೆಯಿಂದ ಹಾಸನದ ಎಪಿಎಂಸಿಗೆ ಬಂದ ಬಿತ್ತನೆ ಮೂಟೆಯಿಂದ ಒಂದು ಗೆಡ್ಡೆ ತೆಗೆದು, ಉಗುರಲ್ಲಿ ಕೆರೆದು, ಮೂಸಿ, ಬೇಡ ಎಂದು ಮುಂದಿನ ಅಂಗಡಿಗೆ ಹೋಗುವುದನ್ನು ಕಲಿಯಲು ಎಷ್ಟು ಗಂಟೆ ಹಿಡಿಯಿತು ಎಂದು ಯಾರನ್ನಾದರೂ ಕೇಳಿ. ಅರ್ಧ ನಿಮಿಷದ ಕೆಲಸ. ಆದರೆ ಅದನ್ನು ಕಲಿಸಿದ್ದು ಗಂಟೆಗಳಲ್ಲ, ಅಂಗಮಾರಿ ಬಂದು ಹೊಲಕ್ಕೆ ಹೊಲವೇ ಕಪ್ಪಾದ ಮುಂಗಾರುಗಳು. ಮಂಜು ಮುಸುಕಿ ಜಿಟಿಜಿಟಿ ಹಿಡಿದಾಗ ಔಷಧಿ ಹೊಡೆಯಬೇಕೋ, ಒಂದು ದಿನ ಬಿಸಿಲಿಗೆ ಕಾಯಬೇಕೋ ಎಂಬುದನ್ನು ಅಂಥ ವರ್ಷಗಳ ಸಾಲವೇ ಕಲಿಸಿತು. ಕ್ರೆಡಿಟ್ ಚೌಕಟ್ಟು ಗಂಟೆ ಎಷ್ಟು ಎಂದು ಕೇಳುತ್ತದೆ. ಎಷ್ಟು ಕಳಕೊಂಡಿರಿ ಎಂದು ಕೇಳುವ ಕಾಲಂ ಅದರಲ್ಲಿಲ್ಲ.

ಅಂದಹಾಗೆ, ಗಂಟೆ ತೋರಿಸಿದ ಮಾತ್ರಕ್ಕೆ ಕ್ರೆಡಿಟ್ ಬರುವುದಿಲ್ಲ. ಮೌಲ್ಯಮಾಪನ ಆಗಲೇಬೇಕು. ಮೌಲ್ಯಮಾಪನಕ್ಕೆ ಸಾಕ್ಷ್ಯ ಬೇಕು.

ಸಾಕ್ಷ್ಯದ ಕಡತ

ಬೇರೆ ದೇಶಗಳಲ್ಲಿ ಇದಕ್ಕೆ ಪೋರ್ಟ್‌ಫೋಲಿಯೊ ಎನ್ನುತ್ತಾರೆ. ಫ್ರಾನ್ಸಿನಲ್ಲಿ 2002ರ ಕಾನೂನೊಂದಿದೆ. ಕಸುಬಿನ ಅನುಭವವನ್ನು ಬರೆದು ಕಡತ ಮಾಡಿ ತೀರ್ಪುಗಾರರ ಮುಂದಿಟ್ಟು, ಅವರು ಒಪ್ಪಿದರೆ ಇಡೀ ಡಿಗ್ರಿಯನ್ನೇ ಪಡೆಯಬಹುದು. ನಮ್ಮೂರಿನವರು ಫ್ರಾನ್ಸಿನ ಕಡೆ ನೋಡಬೇಕಾಗಿಲ್ಲ. ಕೆರೆ ಪಕ್ಕದ ಗುಡಿಯನ್ನು ನೋಡಿದರಾಯಿತು.

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ 1113-14ರ ಸುಮಾರಿನದು, ವಿಷ್ಣುವರ್ಧನನ ಕಾಲದ್ದು. ಕಟ್ಟಿಸಿದವರು ಅರಸರಲ್ಲ, ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ದಿಕ್ಕಿಗೆ ನಾಲ್ಕು ಗರ್ಭಗುಡಿ, ನಡುವೆ ಒಂದೇ ನವರಂಗ. ಕಾಳಿಯ ಬಾಗಿಲಲ್ಲಿ ಎರಡು ಬೇತಾಳಗಳು ಪಕ್ಕೆಲುಬು ತೋರಿಸಿಕೊಂಡು ನಿಂತಿವೆ. ಪಕ್ಕೆಲುಬು ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಬಳಪದ ಕಲ್ಲಿನಲ್ಲಿ ಹಸಿವನ್ನು ಹೀಗೆ ಕೆತ್ತುವುದನ್ನು ಯಾವ ಕಾಲೇಜು ಹೇಳಿಕೊಟ್ಟಿತೋ. ಕೆಲಸ ಮಾಡಿದವನ ಹೆಸರು ಶಾಸನದಲ್ಲಿದೆ: ಮಲ್ಲೋಜ ಮಾಣಿಯೋಜ. ಹೊಯ್ಸಳರ ಕಾಲದ ಶಿಲ್ಪಿಗಳು ವಿಗ್ರಹದ ಪೀಠದಲ್ಲೇ ಹೆಸರು, ಊರು, ಬಿರುದು ಎಲ್ಲ ಕೆತ್ತಿಟ್ಟು ಹೋಗುತ್ತಿದ್ದರು. ಎದುರಾಳಿ ಶಿಲ್ಪಿಗಳನ್ನು ಹೀಯಾಳಿಸುವ ಬಿರುದುಗಳೂ ಇದ್ದವು. ಕಡತ ಮತ್ತು ಸಹಿ ಎರಡೂ ಒಂದೇ ಕಲ್ಲಿನಲ್ಲಿ, ನಕಲು ಪ್ರತಿ ದೃಢೀಕರಿಸುವ ತಾಪತ್ರಯವೇ ಇಲ್ಲ.

ಹಾಗಿದ್ದರೂ ಅನುಭವಕ್ಕೂ ಪ್ರಮಾಣಪತ್ರಕ್ಕೂ ನೇರ ಸಂಬಂಧವಿಲ್ಲ ಎಂಬುದು ಈ ಊರಿಗೆ ಗೊತ್ತು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಹೊಯ್ಸಳ ಗುಡಿಗಳಿಗೆ ವಿಶ್ವ ಪರಂಪರೆಯ ಪಟ್ಟ ಕೊಟ್ಟಿತು. ಬೇಲೂರಿಗೆ ಬಂತು, ಹಳೇಬೀಡಿಗೆ ಬಂತು, ಸೋಮನಾಥಪುರಕ್ಕೆ ಬಂತು. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ, ನಮ್ಮದಕ್ಕಿಂತ ಮೂರು ನಾಲ್ಕು ವರ್ಷ ಜೂನಿಯರ್. ಸೋಮನಾಥಪುರವಂತೂ ಒಂದೂವರೆ ಶತಮಾನ ಕಿರಿಯದು. ಹಾಸನದಿಂದ ಬೇಲೂರಿಗೆ ಹೋಗುವ ಬಸ್ಸುಗಳು ಈಗಲೂ ನಮ್ಮ ಕ್ರಾಸಿನಲ್ಲಿ ಯಾರಾದರೂ ಇಳಿಯುವವರಿದ್ದರೆ ಮಾತ್ರ ನಿಲ್ಲುತ್ತವೆ.

ನಿಮ್ಮ ಕಡತಕ್ಕೆ ಬರೋಣ. ಮೇಸ್ತ್ರಿ ಕಟ್ಟಿದ ಮನೆಗಳಿವೆ, ಆದರೆ ಗೋಡೆಯ ಮೇಲಿರುವುದು ಮಾಲೀಕರ ಹೆಸರು. ಆಲೂಗೆಡ್ಡೆ ತಿಂದು ಮುಗಿದಿರುತ್ತದೆ. ಅಡುಗೆಯೂ ಅಷ್ಟೆ. ಇಡೀ ಊರಿನಲ್ಲಿ ಯಾವ ವಿಶ್ವವಿದ್ಯಾಲಯವೂ ತಕರಾರು ತೆಗೆಯಲಾಗದ ದಾಖಲೆ ಒಂದೇ ಒಂದು: ಹಾಲು ಉತ್ಪಾದಕರ ಸಂಘದ ಪಾಸ್‌ಬುಕ್ಕು.

ಅದನ್ನೊಮ್ಮೆ ಬಿಡಿಸಿ ನೋಡಿ. ತಾರೀಖು, ಹೊತ್ತು, ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ದರ ಎಷ್ಟು. ದಿನಕ್ಕೆರಡು ಸಲ ಪರೀಕ್ಷೆ, ಪರೀಕ್ಷೆ ಮಾಡುವುದು ಮೆಷಿನ್ನು, ಫಲಿತಾಂಶ ನಿಂತ ಜಾಗದಲ್ಲೇ. 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಎಂಬುದು ಪಾಸಿನ ಗೆರೆ. ಗ್ರೇಸ್ ಮಾರ್ಕ್ಸ್ ಇಲ್ಲ, ಮರುಎಣಿಕೆ ಇಲ್ಲ, ಕಾಪಿ ಹೊಡೆಯಲು ನೀರು ಬೆರೆಸಿದರೆ ಅಲ್ಲೇ ಡಿಬಾರ್. ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಹಾಸನ, ಚಿಕ್ಕಮಗಳೂರು, ಕೊಡಗು ಮೂರು ಜಿಲ್ಲೆಗಳ ಸಂಘಗಳೂ ಇದೇ ಲೆಕ್ಕ ಇಡುತ್ತವೆ. ಬಿಎ ಓದುವವನು ವರ್ಷಕ್ಕೆ ಎರಡು ಸಲ ಪರೀಕ್ಷೆ ಬರೆಯುತ್ತಾನೆ. ಹಾಲು ಹಾಕುವವಳು ವರ್ಷಕ್ಕೆ ಏಳುನೂರ ಮೂವತ್ತು ಸಲ. ಇಂಥ ಅಂಕಪಟ್ಟಿ ಇಟ್ಟುಕೊಂಡ ವಿದ್ಯಾರ್ಥಿ ರಾಜ್ಯದ ಯಾವ ಕಾಲೇಜಿನಲ್ಲೂ ಇಲ್ಲ.

ಈಗ ಮೊದಲ ಪುಟಕ್ಕೆ ಹೋಗಿ. ಸದಸ್ಯರ ಹೆಸರು ಎಂಬ ಜಾಗ ನೋಡಿ.

ಗಂಡನ ಹೆಸರು.

ಮಹಿಳಾ ಸಂಘವಿರುವ ಊರುಗಳನ್ನು ಬಿಟ್ಟರೆ ಬಹುಪಾಲು ಮನೆಗಳಲ್ಲಿ ಹೀಗೇ. ಹಾಲು ಕರೆಯುವವಳು ಒಬ್ಬಳು, ಷೇರು ಇರುವುದು ಇನ್ನೊಬ್ಬರ ಹೆಸರಲ್ಲಿ, ಬಟವಾಡೆ ಬೀಳುವುದು ಆ ಇನ್ನೊಬ್ಬರ ಖಾತೆಗೆ. ನಿಯಮದ ಪ್ರಕಾರ ಸಾಕ್ಷ್ಯ ಯಾರ ಹೆಸರಲ್ಲಿದೆಯೋ ಕ್ರೆಡಿಟ್ ಅವರಿಗೆ. ಹಸುವಿನ ಯಾವ ಮಗ್ಗುಲಲ್ಲಿ ಕೂತು ಕರೆಯಬೇಕೆಂದೂ ಗೊತ್ತಿಲ್ಲದ ಯಜಮಾನರಿಗೆ ಈ ಕೈಪಿಡಿ ಅಭಿನಂದನೆ ಸಲ್ಲಿಸುತ್ತದೆ. ತಮಗೆ ಆರು ಡಿಗ್ರಿ ಬಂದಿದೆ.

ಮೌಲ್ಯಮಾಪಕರು ಬಂದಾಗ

ಆರ್‌ಪಿಎಲ್ ಈಗಾಗಲೇ ನಡೆಯುತ್ತಿರುವುದು ಮುಖ್ಯವಾಗಿ ಕೌಶಲ್ಯ ತರಬೇತಿಯ ಕಡೆ, 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿ. ಗೊತ್ತಿರುವ ಕೆಲಸಕ್ಕೆ ಪುಟ್ಟದೊಂದು ಪೂರ್ವತಯಾರಿ, ಆಮೇಲೆ ಪರೀಕ್ಷೆ, ಪಾಸಾದರೆ ಪ್ರಮಾಣಪತ್ರ. ಎರಡನೇ ಸುತ್ತಿನಲ್ಲಿ ಪಾಸಾದವರಿಗೆ 500 ರೂಪಾಯಿಯೂ ಇತ್ತು. ಗಾರೆಯವರಿಗೆ, ಟೈಲರುಗಳಿಗೆ, ಹೈನುಗಾರರಿಗೆ ಎಲ್ಲರಿಗೂ ಬೇರೆ ಬೇರೆ ಪಠ್ಯವಿದೆ. ಸಂದರ್ಶನ ಹೇಗಿರುತ್ತದೆಂದು ಅಭ್ಯಾಸ ಮಾಡಿಕೊಳ್ಳಲು ಒಂದು ಮಾದರಿಯನ್ನು ಕೆಳಗೆ ಕೊಟ್ಟಿದೆ. ಟ್ಯಾಬ್ ಹಿಡಿದ ಹುಡುಗ ಕೊಟ್ಟಿಗೆಯ ಬಾಗಿಲಲ್ಲಿ, ಸೆಗಣಿ ತುಳಿಯದಂತೆ, ಒಂಟಿ ಕಾಲಲ್ಲಿ ನಿಂತಿದ್ದಾನೆ ಎಂದು ಭಾವಿಸಿ.

"ಮೇಡಂ, ಹಾಲು ಕರೆಯುವ ಮುನ್ನ ವೈಯಕ್ತಿಕ ನೈರ್ಮಲ್ಯದ ಮೂರು ಹಂತಗಳನ್ನು ತಿಳಿಸಿ."

"ಕೈ ತೊಳ್ಕೊತೀವಿ ಕಣಪ್ಪ. ಕೆಚ್ಚಲು ತೊಳೀತೀವಿ."

"ಮೂರನೇದು?"

"ಮೂರನೇದು ಒದೀದಂಗೆ ನೋಡ್ಕೊಳ್ಳೋದು."

ಟ್ಯಾಬಿನಲ್ಲಿ ಆ ಉತ್ತರವಿಲ್ಲ. ಹುಡುಗ ಒತ್ತಿದ, ಮುಂದಕ್ಕೆ ಹೋದ.

"ಕೆಚ್ಚಲು ಬಾವಿನ ಲಕ್ಷಣಗಳನ್ನು ವಿವರಿಸಿ."

"ಮೊದಲ್ನೇ ಹಾಲನ್ನ ಕಪ್ಪು ಬಟ್ಟೆ ಮೇಲೆ ಬಿಟ್ಟು ನೋಡ್ತೀನಿ. ಒಡೆದ ಹಾಲಿನಂಗೆ ಚೂರು ಚೂರು ಬಂದ್ರೆ ಬಾವು ಅಂತ ಅರ್ಥ. ಆದ್ರೆ ಅಷ್ಟೊತ್ತಿಗೆ ತಡ ಆಗೋಗಿರುತ್ತೆ. ಅದ್ಕೂ ಮುಂಚೆ ಕೆಚ್ಚಲು ಮುಟ್ಟಿದ್ರೆ ಒಂದು ಕಡೆ ಬಿಸಿ ಇರುತ್ತೆ. ಅದ್ಕೂ ಮುಂಚೆ, ಹಸು ಹಿಂದ್ಗಾಲು ಅಗಲಿಸ್ಕೊಂಡು ನಿಂತಿರುತ್ತೆ. ನಾನು ಅಡುಗೆಮನೆ ಕಿಟಕೀಲೆ ನೋಡಿ ಹೇಳ್ತೀನಿ."

ಟ್ಯಾಬಿನಲ್ಲಿ ಇದ್ದದ್ದು ನಾಲ್ಕು ಆಯ್ಕೆ. ಕಪ್ಪು ಬಟ್ಟೆಗೆ ಅಂಕ ಸಿಕ್ಕಿತು. ಕಿಟಕಿಗೆ ಸಿಗಲಿಲ್ಲ. ಹೀಗೇ ಇಪ್ಪತ್ತು ನಿಮಿಷ ಆದ ಮೇಲೆ ಹುಡುಗ ಫೋಟೊ ತೆಗೆದು, ಜಿಪಿಎಸ್ ಹಾಕಿ, ಟ್ಯಾಬನ್ನು ಚೀಲಕ್ಕೆ ಸೇರಿಸಿದ. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದ:

"ಅಕ್ಕಾ, ನಮ್ಮನೇಲೂ ಒಂದು ಹಸು ಇದೆ. ಎರಡು ಸಲ ಬೆದೆಗೆ ಬಂತು, ಡಾಕ್ಟ್ರನ್ನ ಕರೆಸಿ ಸೂಜಿ ಕೊಡ್ಸಿದ್ವಿ. ಗಬ್ಬ ನಿಲ್ತಾ ಇಲ್ಲ."

"ಯಾವಾಗ ಕೊಡ್ಸುದ್ರಿ?"

"ಬೆಳಗ್ಗೆ ಬೆದೆ ಕಂಡಿದ್ದೇ ತಡ, ಬೆಳಗ್ಗೇನೆ."

"ಅದ್ಕೇ. ಬೆಳಗ್ಗೆ ಕಂಡ್ರೆ ಸಂಜೆ ಕೊಡ್ಸು. ಸಂಜೆ ಕಂಡ್ರೆ ಮಾರನೇ ಬೆಳಗ್ಗೆ. ನಿಮ್ಮವ್ವಂಗೆ ಹೇಳು, ಖನಿಜದ ಪುಡೀನೂ ಹಾಕ್ಲಿ."

ಹುಡುಗ ಇದನ್ನು ತನ್ನ ಸ್ವಂತ ಫೋನಿನಲ್ಲಿ ಬರೆದುಕೊಂಡ. ಮೌಲ್ಯಮಾಪನ ಅಧಿಕೃತವಾಗಿ ಮುಗಿದಿದ್ದರಿಂದ ಈ ಭಾಗವನ್ನು ಅಂಕಕ್ಕೆ ಪರಿಗಣಿಸುವುದಿಲ್ಲ.

ಸರಿ, ಪ್ರಮಾಣಪತ್ರ ಬಂತು ಅನ್ನಿ. ಅದನ್ನು ಹಿಡಿದು ಹಾಸನದ ಯಾವುದಾದರೂ ಕಾಲೇಜಿನ ಕಚೇರಿಗೆ ಹೋದರೆ ಕಿಟಕಿಯ ಒಳಗಿನವರು ಗೌರವದಿಂದ ತಿರುಗಿಸಿ ಮುರುಗಿಸಿ ನೋಡಿ ಕೇಳುವುದು ಒಂದೇ ಪ್ರಶ್ನೆ: "ಪಿಯುಸಿ ಮಾರ್ಕ್ಸ್ ಕಾರ್ಡ್ ತಂದಿದೀರಾ?" ಕ್ರೆಡಿಟ್ ಚೌಕಟ್ಟಿನ ಮಟ್ಟಗಳಲ್ಲಿ ಎಸ್ಸೆಸ್ಸೆಲ್ಸಿ ಮೂರನೆಯದು, ಪಿಯುಸಿ ನಾಲ್ಕನೆಯದು, ಡಿಗ್ರಿಯ ಮೊದಲ ವರ್ಷ ನಾಲ್ಕೂವರೆ. ಹೆಚ್ಚಿನವರ ಪ್ರಯಾಣ ಆ ಅರ್ಧದಲ್ಲೇ ನಿಂತಿದೆ.

ಅಡ್ಡದಾರಿಗಳು

ಇವು ಕಾನೂನುಬದ್ಧ ಅಡ್ಡದಾರಿಗಳು, ಹೆದರಬೇಡಿ.

ಮೊದಲನೆಯದು, ವಿದ್ಯಾರ್ಥಿಯಾಗುವ ಗೊಡವೆಯನ್ನೇ ಬಿಟ್ಟು ನೇರ ಪ್ರೊಫೆಸರ್ ಆಗುವುದು. ತಮಾಷೆಯಲ್ಲ. ಯುಜಿಸಿ 2022ರಲ್ಲಿ ಪ್ರೊಫೆಸರ್ ಆಫ್ ಪ್ರಾಕ್ಟಿಸ್ ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿದೆ. ತನ್ನ ಕಸುಬಿನಲ್ಲಿ ಕನಿಷ್ಠ 15 ವರ್ಷ ಅನುಭವ ಇರಬೇಕು, ಅದೂ ದೊಡ್ಡ ಮಟ್ಟದ್ದಾದರೆ ಒಳ್ಳೆಯದು. ಪಿಎಚ್‌ಡಿ ಬೇಡ, ಔಪಚಾರಿಕ ವಿದ್ಯಾರ್ಹತೆ ಕಡ್ಡಾಯವಲ್ಲ. ಮಂಜೂರಾದ ಹುದ್ದೆಗಳಲ್ಲಿ ಶೇ. 10ರವರೆಗೆ ಇಂಥವರನ್ನು ತೆಗೆದುಕೊಳ್ಳಬಹುದು. ಯಾವ ಯಾವ ಕ್ಷೇತ್ರ ಎಂಬ ಪಟ್ಟಿಯಲ್ಲಿ ಸಾವಯವ ಕೃಷಿ ಇದೆ, ಗ್ರಾಮೀಣಾಭಿವೃದ್ಧಿ ಇದೆ, ಪಂಚಾಯತ್ ರಾಜ್ ಕೂಡ ಇದೆ. ಅಂದರೆ ಕಾಗದದ ಮೇಲೆ, ನಮ್ಮೂರಿನ ಅಕ್ಕ ತರಗತಿಯ ಮುಂದೆ ನಿಂತು ಪಾಠ ಹೇಳುವುದಕ್ಕೆ ಪಿಯುಸಿ ಬೇಡ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುವುದಕ್ಕೆ ಬೇಕು.

ಎರಡನೆಯದು ಇನ್ನೂ ಎತ್ತರದ್ದು, ಗೌರವ ಡಾಕ್ಟರೇಟ್. ಸಾಲುಮರದ ತಿಮ್ಮಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರ ಬೆಳೆಸಿದರು. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2020ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಪ್ರಾಥಮಿಕ ಶಾಲೆಯನ್ನೂ ಪೂರೈಸದ ರಾಜ್‌ಕುಮಾರರಿಗೆ ಮೈಸೂರು ವಿಶ್ವವಿದ್ಯಾಲಯ 1976ರಲ್ಲೇ ಕೊಟ್ಟಿತ್ತು. ಎರಡೂ ಸರಿಯಾದದ್ದೇ, ವಿಶ್ವವಿದ್ಯಾಲಯಗಳೇ ಅದರಿಂದ ದೊಡ್ಡವಾದವು. ಆದರೆ ಏಣಿಯನ್ನೊಮ್ಮೆ ಗಮನಿಸಿ. ತುತ್ತತುದಿಯಲ್ಲಿ ಅನುಭವಕ್ಕೆ ಡಾಕ್ಟರೇಟ್ ಇದೆ, ಅದರ ಕೆಳಗೆ ಪ್ರೊಫೆಸರಿಕೆ ಇದೆ, ಬುಡದಲ್ಲಿ ಮೊದಲ ಸೆಮಿಸ್ಟರ್ ಇಲ್ಲ. ತಿಮ್ಮಕ್ಕನಷ್ಟು ಮರ ನೆಡಿ, ಶಾಲು ಹೊದೆಸುತ್ತೇವೆ. ಹತ್ತು ಮರ ನೆಟ್ಟವಳಿಗೆ ಸಸ್ಯಶಾಸ್ತ್ರದ ಒಂದು ಕ್ರೆಡಿಟ್ ಕೊಡಿ ಎಂದರೆ ಮಾತ್ರ ಕಡತ ಮೇಲಿನವರಿಗೆ ಹೋಗುತ್ತದೆ. ಅಪರೂಪದವರನ್ನು ಗೌರವಿಸುವುದು ನಮಗೆ ಚೆನ್ನಾಗಿ ಬರುತ್ತದೆ, ಸಾಧಾರಣ ಜನರ ಲೆಕ್ಕ ಇಡುವುದು ಬರುವುದಿಲ್ಲ.

(ಹೋಟೆಲಿನ ಹಾಲ್‌ನಲ್ಲಿ, ಕೇಳರಿಯದ ವಿಶ್ವವಿದ್ಯಾಲಯದ ಹೆಸರಲ್ಲಿ, ಗೌನು ಬಾಡಿಗೆಗೆ ಕೊಟ್ಟು ಡಾಕ್ಟರೇಟ್ ಮಾರುವವರಿದ್ದಾರೆ. ಆ ದಾರಿಯನ್ನು ಈ ಕೈಪಿಡಿ ಶಿಫಾರಸು ಮಾಡುವುದಿಲ್ಲ. ಅಲ್ಲಿಗೆ ಹೋಗುವಷ್ಟು ಹಣವಿದ್ದವರಿಗೆ ಈ ಕೈಪಿಡಿಯ ಅಗತ್ಯವೂ ಇಲ್ಲ.)

ಯಂತ್ರ ಕೆಟ್ಟರೆ

ನಾನು ಸೇರಿದ ಕೋರ್ಸೇ ಬದಲಾಗಿದೆ, ಏನು ಮಾಡಲಿ?
ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸ್ ಎಂದು ಪ್ರತಿ ಮಹಡಿಯಲ್ಲೂ ಬಾಗಿಲಿಟ್ಟಿದ್ದರು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ನೀವು ಯಾವ ಮಹಡಿಯಲ್ಲಿದ್ದೀರೋ ಅಲ್ಲೇ ಇರಿ.

ನನ್ನ ವಿಶ್ವವಿದ್ಯಾಲಯ ಉಳಿಯುತ್ತದೆಯೇ?
ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, ಆಮೇಲೆ ಹಾಸನ ವಿಶ್ವವಿದ್ಯಾಲಯವಾಯಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಸಂಪುಟ ಉಪಸಮಿತಿಯಿಂದ ಬಂದಾಗ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಅಂಕಪಟ್ಟಿಯ ಮೇಲಿನ ಲಾಂಛನಕ್ಕೆ ಜಾಸ್ತಿ ಮನಸ್ಸು ಕೊಡಬೇಡಿ.

ಮನೆಯಲ್ಲೇ ಕೂತು ಓದಬಹುದೇ?
ಓದಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಿಂದ ಇದೇ ಕೆಲಸಕ್ಕಿದೆ. 2015ರಲ್ಲಿ ಯುಜಿಸಿ ಅದರ ಮಾನ್ಯತೆ ಹಿಂತೆಗೆದುಕೊಂಡಿತು, 2018ರಲ್ಲಿ ಮತ್ತೆ ಕೊಟ್ಟಿತು. ನಡುವೆ ಓದಿ ಸಿಕ್ಕಿಬಿದ್ದವರು ಅಂಕಪಟ್ಟಿ ಹಿಡಿದು ಅಲೆದ ಅಲೆದಾಟಕ್ಕೆ ಎಷ್ಟು ಕ್ರೆಡಿಟ್ ಎಂದು ಚೌಕಟ್ಟಿನಲ್ಲಿ ಇಲ್ಲ. ಈಗ ಮಾನ್ಯತೆ ಇದೆ. ಬಿಎಗೆ ಸೇರಲು ಪಿಯುಸಿ ಬೇಕು.

ಪಿಯುಸಿ ಇಲ್ಲವಲ್ಲ?
ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿ, ಇಲ್ಲವೇ ಮುಕ್ತ ಶಾಲೆಗೆ ಸೇರಿ. ಎಸ್ಸೆಸ್ಸೆಲ್ಸಿಯೂ ಇಲ್ಲದಿದ್ದರೆ ಅಲ್ಲಿಂದಲೇ ಶುರು. ವಯಸ್ಸು ಅಡ್ಡಿಯಿಲ್ಲ. ಮಗಳ ಜೊತೆ ಒಂದೇ ವರ್ಷ ಪರೀಕ್ಷೆ ಬರೆದ ತಾಯಂದಿರ ಫೋಟೊ ಪ್ರತಿ ಬೇಸಿಗೆಯಲ್ಲೂ ಪೇಪರಿನಲ್ಲಿ ಬರುತ್ತದೆ. ಅನುಭವಕ್ಕೆ ಇಲ್ಲಿ ಬೆಲೆಯಿಲ್ಲ ಎಂದಲ್ಲ. ಅರ್ಥಶಾಸ್ತ್ರದ ಪೇಪರಿನಲ್ಲಿ ಬೆಲೆ ಕುಸಿತದ ಪ್ರಶ್ನೆ ಬಂದಾಗ ಆಲೂಗೆಡ್ಡೆ ಬೆಳೆದವರು ಹೆಚ್ಚುವರಿ ಹಾಳೆ ಕೇಳುತ್ತಾರೆ.

ಪಾಸ್‌ಬುಕ್ಕಿನ ಹೆಸರಿನ ಸಮಸ್ಯೆ ಹೇಗೆ ಬಗೆಹರಿಸುವುದು?
ಹಿಂದಿನ ಇಪ್ಪತ್ತು ವರ್ಷವನ್ನು ಬಗೆಹರಿಸಲಾಗುವುದಿಲ್ಲ. ಮುಂದಿನದಕ್ಕೆ ಉಪಾಯವಿದೆ. ಸಂಘದಲ್ಲಿ ನಿಮ್ಮ ಹೆಸರಿಗೇ ಒಂದು ಷೇರು ತೆಗೆದುಕೊಂಡು, ಒಂದು ಹಸುವಿನ ಹಾಲನ್ನಾದರೂ ಬೇರೆ ಪಾಸ್‌ಬುಕ್ಕಿಗೆ ಹಾಕಲು ಶುರು ಮಾಡಿ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಎರಡು ಫೋಟೊ ಜೊತೆಗಿರಲಿ. ಮೂರರಲ್ಲೂ ಒಂದೇ ಹೆಸರಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮೇಲೆ ಹೇಳಿದ ನೋಟರಿಯೇ ಗತಿ. ಯಜಮಾನರು ಯಾಕೆ ಎಂದು ಕೇಳಿದರೆ ಸಬ್ಸಿಡಿ ಬರುತ್ತದಂತೆ ಎನ್ನಿ. ಸೆಕ್ರೆಟರಿ ಬೆಳಗಿನ ಹಾಲು ಅಳೆದು ಮುಗಿಸಿ ಕ್ಯಾನು ಲಾರಿಗೆ ಏರಿಸುವವರೆಗೆ ಮಾತ್ರ ಸಿಗುತ್ತಾರೆ, ಎಂಟು ಗಂಟೆ ದಾಟಿದರೆ ಸಂಜೆವರೆಗೆ ಅವರೂ ಹೊಲದಲ್ಲಿರುತ್ತಾರೆ.